ಎರಡನೆಯ ಕಣ್ಣನ್ನು ಕಾಯುವ ಮದ್ದು

ಮಹಾನಗರದಲ್ಲಿ ಕಣ್ಣು ಕೆಂಪಾದವನು ಮೊದಲು ಹೋಗುವುದು ಬೀದಿಯ ಮೂಲೆಯ ಔಷಧದಂಗಡಿಗೆ. ಬೆಳಗಿನ ಏಳೂವರೆಯ ಲೋಕಲ್ ಗಾಡಿಯನ್ನು ಹಿಡಿಯಬೇಕಾದವನಿಗೆ ಕಣ್ಣಿನ ಆಸ್ಪತ್ರೆಯ ಸರದಿಯಲ್ಲಿ ಅರ್ಧ ದಿನ ಕಳೆಯುವುದು ಸುಲಭದ ಮಾತಲ್ಲ. ಅಂಗಡಿಯವನು ಒಂದು ಪುಟ್ಟ ಸೀಸೆಯನ್ನು ಮುಂದಿಡುತ್ತಾನೆ, ದಿನಕ್ಕೆ ನಾಲ್ಕು ಬಾರಿ ಎರಡೆರಡು ಹನಿ ಎನ್ನುತ್ತಾನೆ. ಬಹುಪಾಲು ಸಂದರ್ಭಗಳಲ್ಲಿ ಅದು ‘ಮದ್ರಾಸ್ ಐ’ ಎಂದು ಎಲ್ಲರೂ ಬಲ್ಲ ಕಣ್ಣುಬೇನೆಯಾಗಿದ್ದು, ವಾರ ಹತ್ತು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕೀರ್ತಿ ಮಾತ್ರ ಸೀಸೆಗೆ ಸಲ್ಲುತ್ತದೆ.

ಆದರೆ ಅಪರೂಪಕ್ಕೊಮ್ಮೆ ಆ ಕೆಂಪು ಬೇರೆಯೇ ಒಂದು ಸಂಗತಿಯ ಸೂಚನೆಯಾಗಿರುತ್ತದೆ. ಕಣ್ಣಿನ ತೀರ ಹಿಂಬದಿಯ ಗೋಡೆಯಲ್ಲಿ ಹತ್ತಿಕೊಂಡ ಬೆಂಕಿಯ ಹೊಗೆಯಷ್ಟೇ ಮುಂದೆ ಕಾಣುತ್ತಿರುತ್ತದೆ. ಆ ಗೋಡೆಯ ಹೆಸರು ಅಕ್ಷಿಪಟಲ, ವೈದ್ಯರ ಮಾತಿನಲ್ಲಿ ರೆಟಿನಾ. ಕ್ಯಾಮೆರಾದ ಫಿಲ್ಮಿಗೆ ಇದನ್ನು ಹೋಲಿಸುವುದು ವಾಡಿಕೆ. ಹೋಲಿಕೆ ಅರ್ಧ ಮಾತ್ರ ಸರಿ. ಫಿಲ್ಮು ಹಾಳಾದರೆ ಹೊಸ ಸುರುಳಿಯನ್ನು ಹಾಕಬಹುದು. ಅರ್ಧ ಮಿಲಿಮೀಟರಿಗೂ ಕಡಿಮೆ ದಪ್ಪದ ಈ ಪಟಲ ಮಿದುಳಿನದೇ ಮುಂದುವರಿದ ಭಾಗ, ಒಮ್ಮೆ ಸತ್ತ ಭಾಗ ಮತ್ತೆ ಚಿಗುರುವುದಿಲ್ಲ. ಈ ಪಟಲಕ್ಕೆ ವೈರಸ್ ಸೋಂಕು ತಗುಲಿದಾಗ ಮಾಡಬಹುದಾದುದೇನು, ಅದಕ್ಕೆ ಇರುವ ಮದ್ದುಗಳು ಎಲ್ಲಿಂದ ಬಂದವು, ಅವುಗಳಿಂದ ಎಷ್ಟನ್ನು ನಿರೀಕ್ಷಿಸಬಹುದು ಎಂಬುದು ಈ ಲೇಖನದ ವಿಷಯ.

ಆರು ರೋಗಿಗಳು

1971ರಲ್ಲಿ ಜಪಾನಿನ ನೇತ್ರವೈದ್ಯ ಅಕಿರ ಉರಯಾಮ ಮತ್ತು ಅವರ ಸಹೋದ್ಯೋಗಿಗಳು ಆರು ರೋಗಿಗಳ ವಿವರವನ್ನು ಪ್ರಕಟಿಸಿದರು. ಆರೂ ಜನರಿಗೆ ಮೊದಲು ಒಂದು ಕಣ್ಣು ಕೆಂಪಾಗಿ ಮಂಜಾಯಿತು. ಒಳಗೆ ಇಣುಕಿ ನೋಡಿದಾಗ ಅಕ್ಷಿಪಟಲದ ರಕ್ತನಾಳಗಳು ಉರಿಗೊಂಡು ಮುಚ್ಚಿಹೋಗುತ್ತಿದ್ದವು, ಪಟಲದ ಅಂಚಿನಲ್ಲಿ ಬಿಳಿಹಳದಿ ತೇಪೆಗಳು ಮೂಡಿದ್ದವು. ಕೊನೆಗೆ ಪಟಲವೇ ಗೋಡೆಯಿಂದ ಕಳಚಿಕೊಂಡಿತು. ಕಾರಣ ತಿಳಿಯದ ಆ ವ್ಯಾಧಿಗೆ ಉರಯಾಮ ಅವರು ಹಿರಿಯ ನೇತ್ರವೈದ್ಯ ಕಿರಿಸಾವ ಅವರ ಹೆಸರನ್ನಿಟ್ಟರು. ಏಳು ವರ್ಷಗಳ ಬಳಿಕ, 1978ರಲ್ಲಿ, ಇಂಗ್ಲೆಂಡಿನ ಯಂಗ್ ಮತ್ತು ಬರ್ಡ್ ಎಂಬ ವೈದ್ಯರು ಇದೇ ಬಗೆಯ ನಾಲ್ವರನ್ನು ವರ್ಣಿಸಿದರು. ಆ ನಾಲ್ವರಲ್ಲಿ ರೋಗ ಎರಡು ಕಣ್ಣುಗಳಿಗೂ ಹರಡಿತ್ತು. ಅವರು ಕೊಟ್ಟ ‘ಅಕ್ಯೂಟ್ ರೆಟಿನಲ್ ನೆಕ್ರೋಸಿಸ್’ ಎಂಬ ಹೆಸರೇ ಇಂದಿಗೂ ನಿಂತಿದೆ. ಅಕ್ಷಿಪಟಲದ ತೀವ್ರ ಕೊಳೆತ ಎಂದು ಅದರ ಅರ್ಥ. ಹೆಸರು ಕ್ರೂರವಾಗಿದ್ದರೂ ಯಥಾರ್ಥವಾದುದು.

ಆ ಕಾಲದ ವೈದ್ಯರ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಕಣ್ಣಿನೊಳಗೆ ಉರಿಯೂತವಿದೆ, ಉರಿಯೂತಕ್ಕೆ ಸ್ಟೀರಾಯ್ಡ್ ಕೊಡುವುದು ಪದ್ಧತಿ, ಆದ್ದರಿಂದ ಸ್ಟೀರಾಯ್ಡ್ ಕೊಟ್ಟರು. ಕೆಲವು ದಿನ ಕಣ್ಣು ತಿಳಿಯಾದಂತೆ ತೋರುತ್ತಿತ್ತು. ಒಳಗಿನ ಕೊಳೆತ ಮಾತ್ರ ನಿಲ್ಲುತ್ತಿರಲಿಲ್ಲ. ಶರೀರದ ರಕ್ಷಣಾ ವ್ಯವಸ್ಥೆಯನ್ನು ಸ್ಟೀರಾಯ್ಡ್ ತಗ್ಗಿಸುವುದರಿಂದ, ಒಳಗಿರುವ ಶತ್ರು ಸಜೀವ ಸೂಕ್ಷ್ಮಾಣುವಾಗಿದ್ದರೆ ಆ ಔಷಧ ಅದಕ್ಕೆ ಬಾಗಿಲು ತೆರೆದಂತೆಯೇ ಸರಿ. ಶತ್ರು ಯಾರೆಂಬುದೇ ಆಗ ಗೊತ್ತಿರಲಿಲ್ಲ.

ಗೊತ್ತಾದದ್ದು 1982ರಲ್ಲಿ. ಅಮೆರಿಕದ ವೈದ್ಯ ಕಲ್ಬರ್ಟ್‌ಸನ್ ಮತ್ತು ಸಂಗಡಿಗರು, ಈ ರೋಗಕ್ಕೆ ಬಲಿಯಾಗಿ ತೆಗೆಯಬೇಕಾಗಿ ಬಂದ ಒಂದು ಕಣ್ಣನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅಕ್ಷಿಪಟಲದ ಜೀವಕೋಶಗಳಲ್ಲಿ ಹರ್ಪಿಸ್ ಕುಲದ ವೈರಸ್ಸುಗಳನ್ನು ಕಂಡರು. ಆ ಕುಲದ ಯಾವ ಸದಸ್ಯನೆಂಬುದು 1986ರ ಹೊತ್ತಿಗೆ ಸ್ಪಷ್ಟವಾಯಿತು. ಅದು ಮನೆ ಮನೆಯೂ ಬಲ್ಲ ಹಳೆಯ ಪರಿಚಯದ ವೈರಸ್ಸು.

ಬಾಲ್ಯದಲ್ಲಿ ಸೀತಾಳೆ ಸಿಡುಬು, ಎಂದರೆ ಚಿಕನ್‌ಪಾಕ್ಸ್, ಬರದೆ ಬೆಳೆದವರು ಹಿಂದಿನ ತಲೆಮಾರಿನಲ್ಲಿ ವಿರಳ. ‘ಅಮ್ಮ ಬಂದಿದ್ದಾಳೆ’ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮಗುವನ್ನು ಒಳಮನೆಯಲ್ಲಿ ಮಲಗಿಸಿ, ಗುಳ್ಳೆಗಳು ಒಣಗಿದ ಮೇಲೆ ತಲೆಗೆ ನೀರೆರೆದರೆ ಕಥೆ ಮುಗಿಯಿತೆಂದು ಹಿರಿಯರು ತಿಳಿಯುತ್ತಿದ್ದರು. ವೈರಸ್ಸಿಗೆ ಅದು ಕಥೆಯ ಮೊದಲ ಅಧ್ಯಾಯ ಮಾತ್ರ. ಅದು ಬೆನ್ನುಹುರಿಯ ಮತ್ತು ತಲೆಯ ನರಗಳ ಗಂಟುಗಳಲ್ಲಿ ಅಡಗಿ ಕುಳಿತುಕೊಳ್ಳುತ್ತದೆ. ವಾಯಿದೆಯ ದಿನಾಂಕವನ್ನೇ ಬರೆಯದ ಠೇವಣಿಯಂತೆ ಮೂವತ್ತು, ನಲವತ್ತು, ಐವತ್ತು ವರ್ಷ ಅಲ್ಲಿಯೇ ಬಿದ್ದಿರುತ್ತದೆ. ವಯಸ್ಸಾಗಿ ರಕ್ಷಣಾಶಕ್ತಿ ಕುಂದಿದಾಗ ಒಂದೇ ನರದ ಗುಂಟ ಚರ್ಮಕ್ಕೆ ಇಳಿದರೆ ಅದು ಸರ್ಪಸುತ್ತು. ಸರ್ಪದ ತಲೆಯೂ ಬಾಲವೂ ಕೂಡಿದರೆ ಪ್ರಾಣಾಪಾಯವೆಂದು ಊರುಗಳಲ್ಲಿ ಇಂದಿಗೂ ನಂಬುವವರಿದ್ದಾರೆ. ತಲೆ ಬಾಲಗಳ ಭಯಕ್ಕೆ ಆಧಾರವಿಲ್ಲ. ಆದರೆ ಇದೇ ಸರ್ಪ ಅಪರೂಪಕ್ಕೆ ಕಣ್ಣಿನ ಒಳಕ್ಕೇ ಹರಿದುಹೋಗುವುದುಂಟು ಎಂಬುದು ನಿಜ. ತುಟಿಯ ಮೇಲೆ ನೀರುಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ಸೋದರ ವೈರಸ್ಸೂ ಇದೇ ಕೆಲಸವನ್ನು ಮಾಡಬಲ್ಲುದು. ಎಳೆಯ ವಯಸ್ಸಿನ ರೋಗಿಗಳಲ್ಲಿ ಸಿಂಪ್ಲೆಕ್ಸ್ ಹೆಚ್ಚು, ನಡುವಯಸ್ಸು ದಾಟಿದವರಲ್ಲಿ ಸೀತಾಳೆಯ ವೈರಸ್ ಹೆಚ್ಚು.

ಹಾಗೆಂದು ಸೀತಾಳೆ ಬಂದವರೆಲ್ಲರೂ ಅಂಜಬೇಕಾಗಿಲ್ಲ. ಬ್ರಿಟನ್ನಿನಲ್ಲಿ ನಡೆದ ಸಮೀಕ್ಷೆಗಳ ಪ್ರಕಾರ ಈ ಕೊಳೆತ ವರ್ಷಕ್ಕೆ ಸುಮಾರು 16ರಿಂದ 20 ಲಕ್ಷ ಜನರಲ್ಲಿ ಒಬ್ಬರಿಗೆ ಬರುತ್ತದೆ. ಇಷ್ಟು ವಿರಳವಾದುದಕ್ಕೆ ಒಂದು ಲೇಖನವೇಕೆಂದು ಓದುಗರು ಕೇಳಬಹುದು. ಬಂದವನಿಗೆ ವಾರಗಳೊಳಗೆ ಒಂದು ಕಣ್ಣು ಹೋಗುತ್ತದೆ, ಉಪೇಕ್ಷಿಸಿದರೆ ಎರಡೂ ಹೋಗಬಹುದು. ತಡೆಯುವ ಮದ್ದು ದೊಡ್ಡ ಊರುಗಳ ಔಷಧದಂಗಡಿಗಳಲ್ಲೆಲ್ಲ ದೊರೆಯುತ್ತದೆ. ಮದ್ದು ಹತ್ತಿರವಿದ್ದೂ ಕಣ್ಣು ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟ ಯಾವ ಲೆಕ್ಕಪುಸ್ತಕದಲ್ಲಿಯೂ ಇರಲಾರದು.

ವೈರಸ್ಸಿನ ರುಜುವಿಗಾಗಿ ಕಾಯುವ ಚೆಕ್ಕು

ಕಲ್ಬರ್ಟ್‌ಸನ್ ಅವರು ವೈರಸ್ಸನ್ನು ಕಂಡ 1982ರಲ್ಲಿಯೇ ಅಮೆರಿಕದಲ್ಲಿ ಅಸೈಕ್ಲೋವಿರ್ ಎಂಬ ಔಷಧಕ್ಕೆ ಅನುಮತಿ ದೊರೆಯಿತು. ರೋಗದ ಕಾರಣವೂ ಅದರ ಮದ್ದೂ ಒಂದೇ ವರ್ಷ ಬೆಳಕಿಗೆ ಬರುವುದು ವೈದ್ಯಶಾಸ್ತ್ರದಲ್ಲಿ ಪದೇ ಪದೇ ಸಂಭವಿಸುವ ಯೋಗವಲ್ಲ.

ಈ ಮದ್ದಿನ ಹಿಂದೆ ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆಯ ಹೆಸರಿದೆ. 1918ರಲ್ಲಿ ನ್ಯೂಯಾರ್ಕಿನಲ್ಲಿ, ವಲಸೆ ಬಂದ ತಂದೆತಾಯಿಗಳಿಗೆ ಹುಟ್ಟಿದವರು. ಹತ್ತೊಂಬತ್ತನೆಯ ವಯಸ್ಸಿಗೆ ರಸಾಯನಶಾಸ್ತ್ರದಲ್ಲಿ ಪದವಿ ಪಡೆದರೂ, ಪ್ರಯೋಗಾಲಯಗಳಲ್ಲಿ ಹೆಂಗಸರಿಗೆ ಕೆಲಸ ಕೊಡುವವರಿರಲಿಲ್ಲ. ಸಂಬಳವಿಲ್ಲದೆ ದುಡಿದರು, ಶಾಲೆಯಲ್ಲಿ ಪಾಠ ಹೇಳಿದರು. 1944ರಲ್ಲಿ ಬರೋಸ್ ವೆಲ್‌ಕಮ್ ಎಂಬ ಔಷಧ ಸಂಸ್ಥೆಯಲ್ಲಿ ಜಾರ್ಜ್ ಹಿಚಿಂಗ್ಸ್ ಅವರ ಕೈಕೆಳಗೆ ಸೇರಿದರು. ಸಂಜೆಯ ತರಗತಿಗಳಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಾಗ, ನೌಕರಿ ಬಿಟ್ಟು ಪೂರ್ಣಾವಧಿ ಓದಬೇಕೆಂಬ ಷರತ್ತು ಬಂತು. ಅವರು ನೌಕರಿಯನ್ನು ಉಳಿಸಿಕೊಂಡು ಡಾಕ್ಟರೇಟನ್ನು ಬಿಟ್ಟರು. ನೌಕರಿ ಮಾಡುತ್ತ ರಾತ್ರಿ ಕಾಲೇಜಿನಲ್ಲಿ ಪದವಿ ಮುಗಿಸಿದ ಮುಂಬಯಿ ಕನ್ನಡಿಗರಿಗೆ ಈ ಸಂದಿಗ್ಧವನ್ನು ವಿವರಿಸಿ ಹೇಳಬೇಕಾಗಿಲ್ಲ. 1988ರಲ್ಲಿ ಹಿಚಿಂಗ್ಸ್ ಮತ್ತು ಜೇಮ್ಸ್ ಬ್ಲ್ಯಾಕ್ ಅವರೊಡನೆ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಪಿಎಚ್.ಡಿ. ಇಲ್ಲದೆಯೇ.

ಅಸೈಕ್ಲೋವಿರನ್ನು 1974ರಲ್ಲಿ ರೂಪಿಸಿದ ತಂಡದ ಮುಂದಾಳು ಹೊವರ್ಡ್ ಷೆಫರ್. ಅದು ಹೇಗೆ ಕೆಲಸ ಮಾಡುತ್ತದೆಂಬ ಗುಟ್ಟನ್ನು ಬಿಡಿಸಿದವರು ಎಲಿಯನ್. ಗುಟ್ಟು ಸೊಗಸಾದುದು. ವೈರಸ್ ತನ್ನ ಸ್ವಂತ ಬಲದಿಂದ ಬದುಕುವ ಜೀವಿಯಲ್ಲ. ಮನುಷ್ಯನ ಜೀವಕೋಶದೊಳಗೆ ಹೊಕ್ಕು, ಅಲ್ಲಿನ ಯಂತ್ರಗಳಿಂದಲೇ ತನ್ನ ಪ್ರತಿಗಳನ್ನು ಅಚ್ಚು ಹಾಕಿಸಿಕೊಳ್ಳುತ್ತದೆ. ವೈರಸ್ಸನ್ನು ಕೊಲ್ಲಹೊರಟ ಮದ್ದು ಆ ಜೀವಕೋಶವನ್ನೂ ಕೊಲ್ಲುತ್ತದೆಂಬ ಭಯದಿಂದ, ವೈರಸ್ಸಿಗೆ ಸುರಕ್ಷಿತ ಔಷಧವೇ ಅಸಾಧ್ಯವೆಂದು ಬಹಳ ಮಂದಿ ತಿಳಿದಿದ್ದರು. 1960ರ ದಶಕದಲ್ಲಿ ಕಣ್ಣಿನ ಮುಂಭಾಗದ ಹರ್ಪಿಸ್ ಹುಣ್ಣಿಗೆ ಐಡಾಕ್ಸ್‌ಯುರಿಡಿನ್ ಎಂಬ ಹನಿಮದ್ದು ಬಂದಿತ್ತು. ಅದು ಹೊರಗೆ ಹಾಕುವುದಕ್ಕೆ ಮಾತ್ರ ತಕ್ಕುದು, ನುಂಗಿದರೆ ವಿಷ.

ಅಸೈಕ್ಲೋವಿರನ್ನು ಮೂರು ರುಜುಗಳಿಲ್ಲದೆ ನಗದಾಗದ ಚೆಕ್ಕಿಗೆ ಹೋಲಿಸಬಹುದು. ಮೂರು ಫಾಸ್ಫೇಟುಗಳೇ ಆ ಮೂರು ರುಜುಗಳು. ಎರಡನೆಯ ಮತ್ತು ಮೂರನೆಯ ರುಜುವನ್ನು ನಮ್ಮ ಜೀವಕೋಶದ ಸಿಬ್ಬಂದಿಯೇ ಹಾಕುತ್ತದೆ. ಮೊದಲನೆಯ ರುಜು ಹಾಕುವ ಅಧಿಕಾರಿ ಇರುವುದು ವೈರಸ್ಸಿನ ಬಳಿ ಮಾತ್ರ. ಅದು ಥೈಮಿಡಿನ್ ಕೈನೇಸ್ ಎಂಬ ವೈರಸ್ಸಿನದೇ ಕಿಣ್ವ. ಆರೋಗ್ಯವಂತ ಜೀವಕೋಶಕ್ಕೆ ಹೋದ ಅಸೈಕ್ಲೋವಿರ್ ಹೆಚ್ಚುಕಡಿಮೆ ರುಜುವಾಗದ ಕಾಗದವಾಗಿಯೇ ಉಳಿದು ಮೂತ್ರದಲ್ಲಿ ಹೊರಟುಹೋಗುತ್ತದೆ. ವೈರಸ್ ಹೊಕ್ಕ ಜೀವಕೋಶದಲ್ಲಿ ಮಾತ್ರ ಅದಕ್ಕೆ ಮೂರೂ ರುಜುಗಳು ಬೀಳುತ್ತವೆ. ವೈರಸ್ ತನ್ನ ಪ್ರತಿಯನ್ನು ಹೆಣೆಯುವಾಗ ಇದನ್ನು ಅಸಲಿ ಸರಕೆಂದು ನಂಬಿ ಸರಪಳಿಯಲ್ಲಿ ಸೇರಿಸಿಕೊಳ್ಳುತ್ತದೆ. ಇದರಲ್ಲಿ ಮುಂದಿನ ಕೊಂಡಿಯನ್ನು ಸಿಕ್ಕಿಸುವ ಭಾಗವೇ ಇಲ್ಲ, ಸರಪಳಿ ಅಲ್ಲಿಗೇ ನಿಲ್ಲುತ್ತದೆ.

ಈ ವಿವರಣೆಯಲ್ಲಿಯೇ ಮದ್ದಿನ ಮಿತಿಯೂ ಅಡಗಿದೆ. ಅದು ನಿಲ್ಲಿಸುವುದು ವೈರಸ್ಸಿನ ವೃದ್ಧಿಯನ್ನು ಮಾತ್ರ. ನರದ ಗಂಟಿನಲ್ಲಿ ನಿದ್ರಿಸುತ್ತಿರುವ ವೈರಸ್ಸನ್ನು ಅದು ಮುಟ್ಟಲಾರದು. ಸತ್ತ ಅಕ್ಷಿಪಟಲವನ್ನು ಬದುಕಿಸಲಾರದು. ಹೀಗಾಗಿ ಚಿಕಿತ್ಸೆ ಆರಂಭವಾದ ದಿನ ಎಷ್ಟು ಪಟಲ ಜೀವಂತವಾಗಿತ್ತೋ ಅಷ್ಟೇ ರೋಗಿಯ ಪಾಲಿಗೆ ಉಳಿಯುವ ಬಂಡವಾಳ.

ಚಿಕಿತ್ಸೆಯ ಕ್ರಮ

ಈ ರೋಗದ ಒಂದು ಮೋಸವನ್ನು ಇಲ್ಲಿ ಹೇಳಬೇಕು. ಕೊಳೆತ ಸಾಮಾನ್ಯವಾಗಿ ಪಟಲದ ಹೊರ ಅಂಚಿನಿಂದ ಆರಂಭವಾಗಿ ನಡುವಿಗೆ ಸರಿಯುತ್ತದೆ. ಅಕ್ಷರ ಓದುವುದು ನಡುಭಾಗದಿಂದ. ಆದ್ದರಿಂದ ಮೊದಲ ದಿನಗಳಲ್ಲಿ ರೋಗಿ ಗೋಡೆಯ ಮೇಲಿನ ಅಕ್ಷರಪಟ್ಟಿಯ ಕೊನೆಯ ಸಾಲನ್ನೂ ಸರಾಗವಾಗಿ ಓದಿಬಿಡಬಹುದು. ಪಾಪೆಯನ್ನು ಹನಿಮದ್ದಿನಿಂದ ಹಿಗ್ಗಿಸಿ, ತಲೆಗೆ ದೀಪ ಕಟ್ಟಿಕೊಂಡ ವೈದ್ಯರು ಮಸೂರದ ಮೂಲಕ ಪಟಲದ ಮೂಲೆಮೂಲೆಯನ್ನೂ ನೋಡದ ಹೊರತು ತೇಪೆಗಳು ಕಾಣುವುದಿಲ್ಲ. ಹಾಗೆ ನೋಡದೆ ಕೇವಲ ಮುಂಭಾಗದ ಉರಿಯೂತವನ್ನು ಕಂಡು ಸ್ಟೀರಾಯ್ಡ್ ಹನಿಯನ್ನೋ ಗುಳಿಗೆಯನ್ನೋ ಬರೆದಾಗ, 1971ರ ಕಥೆಯೇ ಮರುಕಳಿಸುತ್ತದೆ. ಅಂಗಡಿಯವನು ಮುಂದಿಡುವ ಸೀಸೆಗಳಲ್ಲಿಯೂ ಸ್ಟೀರಾಯ್ಡ್ ಬೆರೆತವು ಅನೇಕ. ವಾರದಲ್ಲಿ ಕಚೇರಿಗೆ ಹೋಗಬೇಕೆಂಬ ಅವಸರಕ್ಕೆ ಕಣ್ಣಿನ ಕೆಂಪನ್ನು ಬೇಗ ಅಡಗಿಸುವ ಸೀಸೆಯೇ ಎಲ್ಲರಿಗೂ ಪ್ರಿಯ.

ಲಕ್ಷಣಗಳು ಹೀಗಿರುತ್ತವೆ: ಸಾಮಾನ್ಯವಾಗಿ ಒಂದೇ ಕಣ್ಣಿನಲ್ಲಿ ಕೆಂಪು, ಮಂದವಾದ ನೋವು, ಬೆಳಕಿಗೆ ಅಳುಕು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ದೃಷ್ಟಿಯಲ್ಲಿ ನೊಣಗಳೋ ಜೇಡರ ಬಲೆಯ ಎಳೆಗಳೋ ತೇಲಿದಂತೆ ಕಪ್ಪು ಚುಕ್ಕೆಗಳು ಹಠಾತ್ತಾಗಿ ಹೆಚ್ಚುವುದು, ಮಂಜು ಕವಿಯುವುದು. ಮದ್ರಾಸ್ ಐ ಬಂದ ಕಣ್ಣು ಪಿಸುರು ಕಟ್ಟುತ್ತದೆ, ರೆಪ್ಪೆ ಅಂಟಿಕೊಳ್ಳುತ್ತದೆ. ಒಳಗಿನ ನೋಟದಲ್ಲಿ ಚುಕ್ಕೆ ತೇಲುವುದಿಲ್ಲ. ವಯಸ್ಸಾದವರಿಗೆ ಒಂದೆರಡು ಚುಕ್ಕೆ ತೇಲುವುದು ಸಹಜವೇ. ಕೆಂಪು, ನೋವು, ಮಂಜುಗಳ ಜೊತೆಗೆ ಅವು ಮೋಡದಂತೆ ದಟ್ಟೈಸಿದರೆ ಅದೇ ದಿನ ವೈದ್ಯರನ್ನು ಕಾಣಬೇಕು.

ವೈದ್ಯರಿಗೆ ಸಂಶಯ ಬಂದೊಡನೆ ಕಣ್ಣಿನ ಒಳದ್ರವದ ಒಂದು ಹನಿಯನ್ನು, ಮಿಲಿಲೀಟರಿನ ಹತ್ತನೆಯ ಒಂದು ಭಾಗದಷ್ಟನ್ನು, ಸೂಜಿಯಿಂದ ತೆಗೆದು ಪಿ.ಸಿ.ಆರ್. ಪರೀಕ್ಷೆಗೆ ಕಳುಹಿಸುತ್ತಾರೆ. ಯಾವ ವೈರಸ್ಸೆಂಬುದನ್ನು ಇದು ಹೆಸರು ಹಿಡಿದು ಹೇಳುತ್ತದೆ. ಆದರೆ ಫಲಿತಾಂಶಕ್ಕಾಗಿ ಕಾಯದೆ ಮದ್ದನ್ನು ಅದೇ ದಿನ ಆರಂಭಿಸುವುದು ಇಂದಿನ ನಿಯಮ. ರೋಗಿಯ ತೂಕದ ಪ್ರತಿ ಕಿಲೋಗ್ರಾಮಿಗೆ 10 ಮಿಲಿಗ್ರಾಮಿನಂತೆ ಎಂಟು ಗಂಟೆಗೊಮ್ಮೆ ಅಸೈಕ್ಲೋವಿರನ್ನು ರಕ್ತನಾಳದ ಮೂಲಕ ಒಂದು ವಾರದಿಂದ ಹತ್ತು ಹದಿನಾಲ್ಕು ದಿನ ಕೊಟ್ಟು, ಅನಂತರ ಹಲವು ವಾರಗಳ ಕಾಲ ಗುಳಿಗೆಗಳನ್ನು ಮುಂದುವರಿಸುವುದು ರೂಢಿಯ ಕ್ರಮ. ನುಂಗಿದ ಅಸೈಕ್ಲೋವಿರಿನಲ್ಲಿ ಐದನೆಯ ಒಂದು ಪಾಲು ಕೂಡ ರಕ್ತವನ್ನು ಸೇರುವುದು ಕಷ್ಟ. ಅದರ ಸುಧಾರಿತ ರೂಪವಾದ ವಾಲಸೈಕ್ಲೋವಿರ್ ಅರ್ಧಕ್ಕಿಂತ ತುಸು ಹೆಚ್ಚೇ ಸೇರುತ್ತದೆ. ಆದ್ದರಿಂದ ಇತ್ತೀಚಿನ ವರ್ಷಗಳಲ್ಲಿ ಅನೇಕ ತಜ್ಞರು ಆಸ್ಪತ್ರೆಗೆ ಸೇರಿಸದೆಯೇ ವಾಲಸೈಕ್ಲೋವಿರ್ ಗುಳಿಗೆಗಳಿಂದ ಚಿಕಿತ್ಸೆಯನ್ನು ಆರಂಭಿಸುತ್ತಾರೆ. ಜೊತೆಗೆ ಫಾಸ್ಕಾರ್ನೆಟ್ ಅಥವಾ ಗ್ಯಾನ್ಸಿಕ್ಲೋವಿರ್ ಎಂಬ ಮದ್ದನ್ನು ನೇರವಾಗಿ ಕಣ್ಣಿನೊಳಕ್ಕೆ ಚುಚ್ಚುವುದೂ ಇದೆ. ಕಣ್ಣಿಗೆ ಸೂಜಿಯೆಂದರೆ ಎಂಥ ಧೈರ್ಯಶಾಲಿಯೂ ಬೆಚ್ಚುತ್ತಾನೆ. ಮರಗಟ್ಟಿಸುವ ಹನಿ ಹಾಕಿ ಮಾಡುವ ಆ ಕೆಲಸ ಕೆಲವು ಕ್ಷಣಗಳದು. ಮದ್ದು ಬೇಕಾದ ಜಾಗದಲ್ಲಿಯೇ ಬೇಕಾದಷ್ಟು ಪ್ರಮಾಣದಲ್ಲಿ ತಲುಪುತ್ತದೆ. ಉರಿಯೂತ ತಗ್ಗಿಸುವ ಸ್ಟೀರಾಯ್ಡಿಗೂ ಇಲ್ಲಿ ಸ್ಥಾನವುಂಟು. ವೈರಸ್ಸಿನ ಮದ್ದು ಮೊದಲು ಒಂದೆರಡು ದಿನ ಕೆಲಸ ಮಾಡಿದ ಮೇಲೆ, ಅದರ ಕಾವಲಿನಲ್ಲಿ.

ಈ ಮದ್ದುಗಳನ್ನು ಮೂತ್ರಪಿಂಡಗಳು ಹೊರಹಾಕಬೇಕು. ನೀರು ಸಾಲದಿದ್ದರೆ ಅಸೈಕ್ಲೋವಿರ್ ಹರಳುಗಟ್ಟಿ ಅವುಗಳಿಗೇ ತೊಂದರೆ ಕೊಡುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿರುವ ಹಿರಿಯರಲ್ಲಿ ಪ್ರಮಾಣವನ್ನು ಇಳಿಸಬೇಕಾಗುತ್ತದೆ. ನೆರೆಮನೆಯವರ ಸರ್ಪಸುತ್ತಿಗೆ ಬರೆದ ಚೀಟಿ ತೋರಿಸಿ ಗುಳಿಗೆ ತಂದು ನುಂಗುವವರು ಇದನ್ನು ನೆನಪಿಡುವುದು ಮೇಲು.

ಫಲವೇನು? 1986ರಲ್ಲಿ ಬ್ಲೂಮೆನ್‌ಕ್ರಾಂಜ್ ಮತ್ತು ಸಂಗಡಿಗರು ಪ್ರಕಟಿಸಿದ ಅನುಭವದಂತೆ, ಅಸೈಕ್ಲೋವಿರ್ ಆರಂಭಿಸಿದ ಸುಮಾರು ನಾಲ್ಕು ದಿನಗಳಲ್ಲಿ ತೇಪೆಗಳು ಇಳಿಮುಖವಾಗತೊಡಗಿ, ಒಂದು ತಿಂಗಳ ಸುಮಾರಿಗೆ ಪೂರ್ತಿ ಮಾಯುತ್ತವೆ. ರೋಗ ತಗುಲಿದ ಕಣ್ಣಿನ ಮಟ್ಟಿಗೆ ವಿಜಯ ಪೂರ್ಣವಲ್ಲವೆಂದು ಒಪ್ಪಿಕೊಳ್ಳಬೇಕು. ಸತ್ತ ಭಾಗ ತೆಳ್ಳಗಿನ ಜಾಲರಿಯಂತಾಗಿ ತೂತು ಬೀಳುತ್ತದೆ. ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ರೋಗಿಗಳಲ್ಲಿ ಮುಂದಿನ ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಅಕ್ಷಿಪಟಲ ಕಳಚಿಕೊಂಡಿರುವುದು ವರದಿಯಾಗಿದೆ. ಆಗ ಶಸ್ತ್ರಚಿಕಿತ್ಸೆ ಮಾಡಿ, ಒಳಗೆ ಸಿಲಿಕೋನ್ ಎಣ್ಣೆ ತುಂಬಿ ಪಟಲವನ್ನು ಗೋಡೆಗೆ ಒತ್ತಿ ನಿಲ್ಲಿಸಬೇಕಾಗುತ್ತದೆ. ಗುಳಿಗೆ ನುಂಗುತ್ತಿದ್ದೂ ಕಣ್ಣು ಮಸುಕಾಯಿತೆಂದು ಮದ್ದನ್ನು ದೂಷಿಸುವವರು ಈ ಎರಡನೆಯ ಅನಾಹುತವನ್ನು ಮೊದಲನೆಯದರಿಂದ ಬೇರೆಯಾಗಿ ನೋಡಬೇಕು.

ಮದ್ದಿನ ನಿಜವಾದ ಜಯ ಎರಡನೆಯ ಕಣ್ಣಿನಲ್ಲಿದೆ. ಒಂದು ಕಣ್ಣಿನಿಂದ ಇನ್ನೊಂದಕ್ಕೆ ವೈರಸ್ ಹೇಗೆ ದಾಟುತ್ತದೆಂಬುದರ ಸುಳಿವು 1924ರಷ್ಟು ಹಿಂದೆಯೇ ಫಾನ್ ಸಿಲಿ ಎಂಬ ವಿಜ್ಞಾನಿಯ ಪ್ರಯೋಗದಲ್ಲಿ ಸಿಕ್ಕಿತ್ತು. ಅವರು ಮೊಲದ ಒಂದು ಕಣ್ಣಿನ ಮುಂಭಾಗಕ್ಕೆ ಹರ್ಪಿಸ್ ವೈರಸ್ಸನ್ನು ಚುಚ್ಚಿದಾಗ, ಕೆಲವು ದಿನಗಳ ಬಳಿಕ ಕೊಳೆತದ್ದು ಮತ್ತೊಂದು ಕಣ್ಣಿನ ಅಕ್ಷಿಪಟಲ! ವೈರಸ್ ನರಗಳ ದಾರಿಯಲ್ಲಿ ಮಿದುಳಿಗೆ ಹೋಗಿ, ಅಲ್ಲಿಂದ ಎದುರು ಕಣ್ಣಿಗೆ ಇಳಿದಿತ್ತು. ಮನುಷ್ಯರಲ್ಲಿಯೂ ಮೊದಲ ಕಣ್ಣು ಕೆಟ್ಟ ಸಾಮಾನ್ಯವಾಗಿ ಆರು ವಾರಗಳೊಳಗೆ ಎರಡನೆಯದರ ಸರದಿ ಬರುವುದು ಕಂಡಿದೆ. 1991ರಲ್ಲಿ ಪ್ರಕಟವಾದ, ಒಂದು ಕಣ್ಣಿಗೆ ರೋಗ ತಗುಲಿದ 54 ಜನರ ಅಧ್ಯಯನದಲ್ಲಿ, ಎರಡು ವರ್ಷಗಳ ಅವಧಿಗೆ ಲೆಕ್ಕ ಹಾಕಿದಾಗ, ಅಸೈಕ್ಲೋವಿರ್ ಪಡೆದವರಲ್ಲಿ ಶೇಕಡಾ 75ರಷ್ಟು ಜನರ ಎರಡನೆಯ ಕಣ್ಣು ಸುರಕ್ಷಿತವಾಗಿತ್ತು. ಪಡೆಯದವರಲ್ಲಿ ಆ ಪ್ರಮಾಣ ಶೇಕಡಾ 35 ಮಾತ್ರ. ನೋವೂ ಇಲ್ಲ, ಕೆಂಪೂ ಇಲ್ಲ, ಇನ್ನು ಗುಳಿಗೆಯೇಕೆ ಎಂದು ಮೂರನೆಯ ವಾರಕ್ಕೆ ನಿಲ್ಲಿಸಿಬಿಡುವ ರೋಗಿ, ತಾನು ನುಂಗುತ್ತಿದ್ದುದು ಕೆಟ್ಟ ಕಣ್ಣಿಗಾಗಿ ಎಂದು ತಿಳಿದಿರುತ್ತಾನೆ. ಆ ವಾರಗಳ ಗುಳಿಗೆಗಳು ಒಳ್ಳೆಯ ಕಣ್ಣಿನ ವಿಮಾಕಂತು.

ಇನ್ನೊಂದು ವೈರಸ್, ಇನ್ನೊಂದು ಲೆಕ್ಕ

ಹರ್ಪಿಸ್ ಕುಲದಲ್ಲಿಯೇ ಸೈಟೊಮೆಗಾಲೋ ವೈರಸ್ ಎಂಬುದೊಂದಿದೆ. ಬಹುಪಾಲು ವಯಸ್ಕರ ಶರೀರದಲ್ಲಿ ಅದು ಸದ್ದಿಲ್ಲದೆ ನೆಲೆಸಿರುತ್ತದೆ. ರಕ್ಷಣಾಶಕ್ತಿ ನೆಲಕಚ್ಚಿದವರಲ್ಲಿ, ಎಂದರೆ ಏಡ್ಸ್ ಪೀಡಿತರಲ್ಲಿ, ಮೂತ್ರಪಿಂಡ ಮುಂತಾದ ಅಂಗಗಳ ಕಸಿ ಮಾಡಿಸಿಕೊಂಡವರಲ್ಲಿ, ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವವರಲ್ಲಿ, ಅಕ್ಷಿಪಟಲವನ್ನು ತಿನ್ನುತ್ತದೆ. ವಿಚಿತ್ರವೆಂದರೆ ಇಲ್ಲಿ ಕಣ್ಣು ಕೆಂಪಾಗುವುದೂ ಇಲ್ಲ, ನೋಯುವುದೂ ಇಲ್ಲ. ಕೆಂಪಾಗಲು ಬೇಕಾದ ರಕ್ಷಣಾ ಸೈನ್ಯವೇ ಇರುವುದಿಲ್ಲ. ಈ ವೈರಸ್ಸಿಗೆ ಅಸೈಕ್ಲೋವಿರ್ ಸಾಲದು, ಏಕೆಂದರೆ ಮೊದಲ ರುಜು ಹಾಕುವ ಆ ಅಧಿಕಾರಿ ಇದರ ಬಳಿ ಇಲ್ಲ. ಬೇರೊಂದು ಕಿಣ್ವದಿಂದ ರುಜುವಾಗುವ ಗ್ಯಾನ್ಸಿಕ್ಲೋವಿರ್ ಎಂಬ ಮದ್ದಿಗೆ 1989ರಲ್ಲಿ, ರುಜುವಿನ ಹಂಗೇ ಇಲ್ಲದ ಫಾಸ್ಕಾರ್ನೆಟಿಗೆ 1991ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮೊದಲನೆಯದು ಬಿಳಿರಕ್ತಕಣಗಳನ್ನು ಇಳಿಸುತ್ತದೆ, ಎರಡನೆಯದು ಮೂತ್ರಪಿಂಡಗಳನ್ನು ಪೀಡಿಸುತ್ತದೆ. ಎದೆಯ ರಕ್ತನಾಳಕ್ಕೆ ಕೊಳವೆ ಸಿಕ್ಕಿಸಿಕೊಂಡು, ಬದುಕಿರುವಷ್ಟು ದಿನವೂ ಮದ್ದು ಹರಿಸಿಕೊಳ್ಳಬೇಕಾಗಿದ್ದ ಕಾಲವದು.

1996ರ ಸುಮಾರಿಗೆ ಏಡ್ಸ್ ವೈರಸ್ಸಿಗೇ ಹಲವು ಮದ್ದುಗಳ ಸಂಯುಕ್ತ ಚಿಕಿತ್ಸೆ ಬಂದ ಮೇಲೆ ಈ ಕಣ್ಣಿನ ರೋಗ ಅಲ್ಲಿ ಬಹಳ ಇಳಿಯಿತು. ಎಷ್ಟೆಂದರೆ, 1998ರಲ್ಲಿ ಬಂದ ಫಾಮಿವಿರ್ಸೆನ್ ಎಂಬ ನವೀನ ಮಾದರಿಯ ಮದ್ದನ್ನೂ, ಕಣ್ಣಿನೊಳಗೆ ಹೂಳುತ್ತಿದ್ದ ಗ್ಯಾನ್ಸಿಕ್ಲೋವಿರ್ ಗುಳಿಗೆಯನ್ನೂ ಕೊಳ್ಳುವವರು ಕಡಿಮೆಯಾಗಿ ತಯಾರಕರು ಹಿಂತೆಗೆದುಕೊಂಡರು. ವ್ಯಾಪಾರಕ್ಕೆ ನಷ್ಟವಾದರೂ ಲೋಕಕ್ಕೆ ಲಾಭವಾದ ಇಂಥ ಉದಾಹರಣೆ ವಾಣಿಜ್ಯಶಾಸ್ತ್ರದ ಪುಸ್ತಕಗಳಲ್ಲಿ ಸಿಗುವುದಿಲ್ಲ.

ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ, ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ನಿರ್ಮಲಾ ಅವರ ಪರಿಶ್ರಮದಿಂದ. ಆ ರೋಗಿಗಳ ಕಣ್ಣುಗಳನ್ನು ಪರೀಕ್ಷಿಸಿದ ಅದೇ ನಗರದ ಶಂಕರ ನೇತ್ರಾಲಯದ ವೈದ್ಯರು, ಅವಕಾಶ ನೋಡಿ ಎರಗುವ ಕಣ್ಣಿನ ಸೋಂಕುಗಳಲ್ಲಿ ಸೈಟೊಮೆಗಾಲೋ ವೈರಸ್ಸಿನದೇ ಮೊದಲ ಸ್ಥಾನವೆಂದು ದಾಖಲಿಸಿದರು. ಸರಕಾರ ಏಡ್ಸ್ ಔಷಧಗಳನ್ನು ಉಚಿತವಾಗಿ ಕೊಡಲಾರಂಭಿಸಿದ್ದು 2004ರ ಏಪ್ರಿಲ್ 1ರಿಂದ. ಅಲ್ಲಿಯವರೆಗೆ ಹಣವಿದ್ದವನ ಕಣ್ಣು ಉಳಿಯಿತು. ಕಣ್ಣಿನ ಈ ಸೋಂಕಿಗೆ ಗುಳಿಗೆಯ ರೂಪದಲ್ಲಿ ಕೊಡಬಹುದಾದ ವಾಲ್‌ಗ್ಯಾನ್ಸಿಕ್ಲೋವಿರ್ ಬಹಳ ದುಬಾರಿಯಾಗಿತ್ತು. ಅದರ ಮೇಲೆ ರೋಶ್ ಸಂಸ್ಥೆಗೆ 2007ರಲ್ಲಿ ಚೆನ್ನೈಯ ಪೇಟೆಂಟ್ ಕಚೇರಿ ಕೊಟ್ಟ ಹಕ್ಕನ್ನು ಎಚ್.ಐ.ವಿ. ಪೀಡಿತರ ಸಂಘಟನೆಗಳೂ ದೇಶೀಯ ಔಷಧ ತಯಾರಕರೂ ಪ್ರಶ್ನಿಸಿದರು. 2010ರಲ್ಲಿ ಅದು ರದ್ದಾಯಿತು. ಇಂದು ದೇಶೀಯ ಕಂಪನಿಗಳ ಗುಳಿಗೆ ದೊರೆಯುತ್ತದೆ. ಅಂಗಾಂಗ ಕಸಿ ಮಾಡಿಸಿಕೊಂಡ ರೋಗಿಗಳಿಗೂ ಅದರಿಂದ ಉಪಕಾರವಾಗಿದೆ. ನ್ಯಾಯಾಲಯದ ಕಡತದಲ್ಲಿ ಕಣ್ಣು ಉಳಿಯುವುದೂ ಉಂಟು.

ಎಲ್ಲ ವೈರಸ್ಸಿಗೂ ಮದ್ದಿದೆಯೆಂದು ಮಾತ್ರ ತಿಳಿಯಬಾರದು. 2006ರಲ್ಲಿ ಕರ್ನಾಟಕದ ಲಕ್ಷಾಂತರ ಜನರನ್ನು ಕೀಲುಕೀಲು ಹಿಡಿದು ಮಲಗಿಸಿದ ಚಿಕುನ್‌ಗುನ್ಯ ಜ್ವರ ಹೋದ ಮೇಲೆ, ಕೆಲವರಿಗೆ ದೃಷ್ಟಿ ಮಂಜಾಯಿತು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಇಂಥ ರೋಗಿಗಳ ಅಕ್ಷಿಪಟಲದ ಉರಿಯೂತವನ್ನು 2008ರಲ್ಲಿ ವರ್ಣಿಸಿದರು. ಆ ವೈರಸ್ಸಿನ ಮೇಲೆ ಕೆಲಸ ಮಾಡುವುದೆಂದು ಸಿದ್ಧಪಟ್ಟ ಮದ್ದು ಇನ್ನೂ ಇಲ್ಲ. ಸಮಾಧಾನದ ಸಂಗತಿಯೆಂದರೆ ಅಲ್ಲಿ ಅನೇಕರ ದೃಷ್ಟಿ ನಿಧಾನವಾಗಿ ಮರಳುತ್ತದೆ. ಮಳೆಗಾಲದಲ್ಲಿ ಊರಿಗೆ ಹೋಗಿ ಜ್ವರ ಹಿಡಿಸಿಕೊಂಡು ಬಂದವರು, ಎರಡು ಮೂರು ವಾರಗಳ ಬಳಿಕ ಕಣ್ಣು ಮಂಜಾದರೆ, ಆ ಜ್ವರದ ವಿಷಯವನ್ನು ಕಣ್ಣಿನ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಚಿಕಿತ್ಸೆಯ ದಿಕ್ಕೇ ಅದರಿಂದ ಬದಲಾಗಬಹುದು.

ಕೆಲವು ವ್ಯಾವಹಾರಿಕ ಸಂಗತಿಗಳು

ಒಂದು ಕಣ್ಣು ಮಂಜಾದುದು ಎರಡೂ ಕಣ್ಣು ತೆರೆದಿರುವವನಿಗೆ ಬೇಗ ಗೊತ್ತಾಗುವುದಿಲ್ಲ. ಒಳ್ಳೆಯ ಕಣ್ಣು ಕೆಟ್ಟದ್ದರ ಕೊರತೆಯನ್ನು ತುಂಬಿಕೊಡುತ್ತದೆ. ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ಗೋಡೆಯ ಕ್ಯಾಲೆಂಡರಿನ ತಾರೀಖುಗಳನ್ನು ನೋಡುವುದು ಯಾವ ಖರ್ಚೂ ಇಲ್ಲದ ಪರೀಕ್ಷೆ. ಊರಿನಿಂದ ಬಂದು ಮಗನ ಫ್ಲ್ಯಾಟಿನಲ್ಲಿ ಇರುವ ತಾಯಿ, ಮಗನಿಗೆ ರಜೆ ಹಾಕಿಸಬಾರದೆಂದು ಕಣ್ಣಿನ ಮಂಜನ್ನು ಹೇಳದೆ ಇರುವುದು ಎಲ್ಲ ಮನೆಗಳಲ್ಲಿಯೂ ಇದೆ. ಹಣೆಯ ಮೇಲೆ, ಮೂಗಿನ ತುದಿಯಲ್ಲಿ ಸರ್ಪಸುತ್ತು ಎದ್ದ ಹಿರಿಯರನ್ನು ಕೇಳಿ ತಿಳಿಯುವುದಕ್ಕಿಂತ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯುವುದೇ ಸರಿ.

ಅಕ್ಷಿಪಟಲ ವಿಭಾಗವಿರುವ ಆಸ್ಪತ್ರೆಯನ್ನೇ ನೇರವಾಗಿ ಹುಡುಕಬೇಕು. ಚೆನ್ನೈಯ ಶಂಕರ ನೇತ್ರಾಲಯ, ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆ, ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿರುವ ರಾಜೇಂದ್ರ ಪ್ರಸಾದ್ ಕೇಂದ್ರ ಇವು ಪ್ರಸಿದ್ಧವಾದವು. ಮುಂಬಯಿ ಪುಣೆಗಳ ದೊಡ್ಡ ಆಸ್ಪತ್ರೆಗಳಲ್ಲಿಯೂ ತಜ್ಞರಿದ್ದಾರೆ. ಖರ್ಚಿನ ಬಗ್ಗೆ ಒಂದು ಮಾತು: ಕಣ್ಣಿನೊಳಕ್ಕೆ ಚುಚ್ಚುವ ಔಷಧವನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ, ಆರೋಗ್ಯವಿಮೆಯಿಂದ ಹೊರಗಿಡಬಾರದಾದ ಆಧುನಿಕ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿದೆ. ಎಷ್ಟು ಹಣದ ಮಿತಿಯವರೆಗೆ ಎಂಬುದು ಆಯಾ ಪಾಲಿಸಿಯ ಷರತ್ತಿಗೆ ಬಿಟ್ಟದ್ದು. ಮನೆಯಲ್ಲಿಯೇ ನುಂಗುವ ಗುಳಿಗೆಗಳ ಬಿಲ್ಲನ್ನು ಅನೇಕ ಪಾಲಿಸಿಗಳು ಒಪ್ಪುವುದಿಲ್ಲ. ಆಸ್ಪತ್ರೆ ಸೇರುವ ಹಂತವಿದ್ದರೆ ಬಿಡುಗಡೆಯಾದ ಮೇಲಿನ ಔಷಧವೆಚ್ಚಕ್ಕೆ ಎಷ್ಟು ದಿನಗಳ ಅವಕಾಶವಿದೆಯೆಂದು ಮೊದಲೇ ಓದಿಕೊಂಡಿರಬೇಕು.

ಕೊನೆಯದಾಗಿ, ಒಮ್ಮೆ ಈ ರೋಗದಿಂದ ಪಾರಾದವರ ವಿಷಯ. ಎರಡನೆಯ ಕಣ್ಣಿಗೆ ಹತ್ತಾರು ವರ್ಷಗಳ ಬಳಿಕ ಸೋಂಕು ಬಂದ ಪ್ರಸಂಗಗಳೂ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಅಷ್ಟರಲ್ಲಿ ನೌಕರಿಯಲ್ಲಿರುವವನಿಗೆ ಮೂರು ನಾಲ್ಕು ವರ್ಗಾವಣೆಗಳಾಗಿರುತ್ತವೆ, ಮೊದಲು ನೋಡಿದ ವೈದ್ಯರು ನಿವೃತ್ತರಾಗಿರುತ್ತಾರೆ. ವೈರಸ್ಸಿನ ಹೆಸರನ್ನು ಬರೆದ ಪಿ.ಸಿ.ಆರ್. ವರದಿ, ಆಸ್ಪತ್ರೆಯ ಬಿಡುಗಡೆ ಪತ್ರ, ಕೊಟ್ಟ ಮದ್ದುಗಳ ಪ್ರಮಾಣ ಇವಿಷ್ಟನ್ನೂ ಮನೆಪತ್ರ, ಪಾಸ್‌ಪುಸ್ತಕಗಳನ್ನಿಡುವ ಕಡತದಲ್ಲಿಯೇ ಇಟ್ಟುಕೊಂಡು, ಅದು ಎಲ್ಲಿದೆಯೆಂದು ಮನೆಯವರಿಗೂ ತಿಳಿಸಿರಬೇಕು. ಹೊಸ ಊರಿನ ವೈದ್ಯರ ಮೇಜಿನ ಮೇಲೆ ಆ ಕಾಗದಗಳು ಬಂದರೆ ಮದ್ದು ಅಂದೇ ಆರಂಭವಾಗುತ್ತದೆ.